ತೊಳೆದ ತೊಟ್ಟಿಯ ಗುಡ್ಡ

ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯಲ್ಲಿ ಆಶ್‌ಲೋ ಎಂಬ ಸಣ್ಣ ಹಳ್ಳಿಯಿದೆ. ಅದರ ಮೇಲ್ಗಡೆಯ ಬೋಳುಗುಡ್ಡದಲ್ಲಿ ಒಂದೇ ಒಂದು ಕಲ್ಲಿನ ಕಾಟೇಜು ನಿಂತಿದೆ. ಕಾಟೇಜು ಎಂದರೆ ರಜೆಗೆ ಬಂದವರು ಬಾಡಿಗೆಗೆ ಹಿಡಿದು, ತಾವೇ ಅಡುಗೆ ಮಾಡಿಕೊಂಡು ಇರುವ ಪುಟ್ಟ ಮನೆ. ಗೆಳತಿಯೊಂದಿಗೆ ಇರಲೆಂದು ಅದನ್ನು ಹಿಡಿದಿದ್ದೆ. ಅವಳಿಗೆ ಬರಲಾಗಲಿಲ್ಲ, ನಾನೊಬ್ಬಳೇ ಹೋದೆ. ಅಲ್ಲಿನ ವಿಶೇಷ ತಿನಿಸು ಓಟ್‌ಕೇಕ್. ಕೇಕ್ ಎಂದರೂ ಅದು ಸಿಹಿಯಲ್ಲ. ಓಟ್ಸ್ ಹಿಟ್ಟನ್ನು ಹುಳಿ ಬರಿಸಿ ಕಾವಲಿಯ ಮೇಲೆ ಹುಯ್ಯುತ್ತಾರೆ, ಅಂದರೆ ಹೆಚ್ಚುಕಡಿಮೆ ನಮ್ಮ ದೋಸೆಯೇ. ಬಿಸಿಯಿರುವಾಗಲೇ ಚೀಸ್ ಉದುರಿಸಿ ಮಡಚಿ ತಿನ್ನಬೇಕು. ಹಿಟ್ಟು ತಂದುಕೊಟ್ಟ ಮೊರೀನ್ ಎಂಬ ಹಿರಿಯ ಹೆಂಗಸು ಆ ಮನೆಯನ್ನು ನೋಡಿಕೊಳ್ಳುವವರು. ಗುಡ್ಡಕ್ಕೆ ಕ್ಲೀನ್‌ಟಬ್ ಎಂಬ ಹೆಸರೇಕೆ, ಅಂದರೆ ತೊಳೆದಿಟ್ಟ ತೊಟ್ಟಿ ಎಂದೇಕೆ ಕರೆಯುತ್ತಾರೆ ಎಂದು ಹೇಳಿದವರೂ ಅವರೇ.

ಹಿಂದೆ ಒಮ್ಮೆ, ಗುಡ್ಡದಲ್ಲಿ ಸೀಸದ ಗಣಿಗಳಿದ್ದ ಕಾಲದಲ್ಲಿ, ಏಮಸ್ ಎಂಬ ಗಣಿಗಾರ ಈ ಮನೆಯಲ್ಲಿದ್ದನಂತೆ. ಅವನು ದೂರದ ಕಡಲತೀರದಿಂದ ಸುಸಾನಾ ಎಂಬವಳನ್ನು ಮದುವೆಯಾಗಿ ಕರೆತಂದ. ಅತ್ತೆ ಅದೇ ವರ್ಷ ತೀರಿಕೊಂಡಿದ್ದಳು. ಅವಳು ಹಿಟ್ಟು ಕಲಸುತ್ತಿದ್ದ ಮರದ ತೊಟ್ಟಿ ಮೂಲೆಯಲ್ಲಿತ್ತು, ಒಳಗೆಲ್ಲ ಹಳೆಯ ಹಿಟ್ಟು ಕರೆಗಟ್ಟಿತ್ತು. ಆ ಸೀಮೆಯಲ್ಲಿ ಅಂಥ ತೊಟ್ಟಿಯನ್ನು ಎಂದೂ ತೊಳೆಯುವುದಿಲ್ಲ, ಏಕೆಂದರೆ ಅಂಟಿಕೊಂಡ ಹಳೆಯ ಹಿಟ್ಟಿನಿಂದಲೇ ಹೊಸದಕ್ಕೆ ಹುಳಿ ಬರುತ್ತದೆ. ಸುಸಾನಾಳಿಗೆ ಇದು ಗೊತ್ತಿರಲಿಲ್ಲ. ಗಂಡ ಮೆಚ್ಚಲೆಂದು ಬೂದಿ, ಬಿಸಿನೀರು ಹಾಕಿ ಉಜ್ಜಿ, ತೊಟ್ಟಿಯನ್ನು ಬೇಲಿಗೋಡೆಯ ಮೇಲೆ ಬಿಸಿಲಿಗಿಟ್ಟಳು. ಗಣಿಯಿಂದ ಬಂದ ಏಮಸ್ ತೊಟ್ಟಿಯೊಳಗೆ ಕೈಯಾಡಿಸಿ ನೋಡಿದ. "ಅಮ್ಮನ ಕೈರುಚಿ ಅಂತ ಉಳಿದಿದ್ದು ಅದೊಂದೇ. ಆ ರುಚಿ ಬರೋವರೆಗೂ ಅಕ್ಕನ ಮನೇಲಿ ಊಟ ಮಾಡ್ತೀನಿ" ಎಂದು ಹೇಳಿ ಗುಡ್ಡ ಇಳಿದನು ಎನ್ನುತ್ತಾರೆ.

ನಮ್ಮಲ್ಲಿ ಮೊಸರಿಗೆ ಹೆಪ್ಪು ಕೇಳಿ ತರುತ್ತೇವಲ್ಲ, ಹಾಗೆ ಒಂದು ಸೌಟು ಹುಳಿಹಿಟ್ಟನ್ನು ಅವಳು ಕೇಳಿ ತರಬಹುದಿತ್ತು ಎನ್ನಿಸುತ್ತದೆ. ಆದರೆ ಆಶ್‌ಲೋದಲ್ಲಿ ಅದನ್ನು ಕೇಳುವ ಹಾಗಿಲ್ಲ. ಹೊಸದಾಗಿ ಬಂದವಳಿಗೆ ನೆರೆಯವರೇ ತಂದು ಹಾಕಬೇಕು. ಹಾಕಿದರೆ ಅವಳು ಊರಿನವಳಾದಳೆಂದು ಅರ್ಥ. ಸುಸಾನಾ ಖಾಲಿ ತೊಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆಯೇ ಬಿಟ್ಟು ಕಾದಳು. ದಾರಿಯಲ್ಲಿ ಹೋಗುವ ಹೆಂಗಸರು, "ಏನಮ್ಮ, ನಾಳೆ ಗುಡ್ಡನೂ ಉಜ್ಜಿ ಒಣಗಿಸ್ತೀಯಾ?" ಎಂದು ನಕ್ಕು ಮುಂದೆ ಹೋದರು. ಯಾರೂ ಸೌಟು ತರಲಿಲ್ಲ. ಗುಡ್ಡಕ್ಕೆ ಆ ಹೆಸರು ಬಿದ್ದದ್ದು ಆಗ, ಗೇಲಿಗೆಂದು. ಚಳಿಗಾಲ ಬಂದಾಗ ಅವಳು ತೊಟ್ಟಿಯನ್ನು ಒಳಗೆ ತಂದು, ಓಟ್ಸ್ ಹಿಟ್ಟಿಗೆ ನೀರು ಬೆರೆಸಿ ಒಲೆಯ ಪಕ್ಕದಲ್ಲಿಟ್ಟಳು. ಹಿಟ್ಟು ಕೆಡುತ್ತಿತ್ತು, ಚೆಲ್ಲಿ ಮತ್ತೆ ಕಲಸುತ್ತಿದ್ದಳು, ಆದರೆ ತೊಟ್ಟಿ ತೊಳೆಯುತ್ತಿರಲಿಲ್ಲ. ಇಡೀ ಚಳಿಗಾಲ ಒಬ್ಬಳೇ ಉಂಡಳು. ವಸಂತದ ಹೊತ್ತಿಗೆ ಹಿಟ್ಟು ತಾನಾಗಿಯೇ ಉಬ್ಬಿತು. ಅದನ್ನು ಕಾವಲಿಗೆ ಹುಯ್ದಾಗ ವಾಸನೆಗೆ ಏಮಸ್ ಬಾಗಿಲಲ್ಲಿ ಬಂದು ನಿಂತ. ಅವಳು ಕರೆಯಲಿಲ್ಲ, ತಟ್ಟೆ ಮಾತ್ರ ಇಟ್ಟಳು. ಅವನು ಕೂತು ಒಂದು ತುಂಡು ಮುರಿದು ತಿಂದು, "ಇದು ಅಮ್ಮಂದಲ್ಲ" ಎಂದ. "ಅಲ್ಲ. ನಂದು" ಎಂದಳು. ಅವನು ತಟ್ಟೆಯನ್ನು ಪೂರ್ತಿ ಖಾಲಿ ಮಾಡಿ, ಮತ್ತೊಂದಕ್ಕೆ ಮುಂದೆ ಸರಿಸಿದನಂತೆ. ಆದರೆ ಊರಿನವರು ಅವಳ ಓಟ್‌ಕೇಕಿನ ರುಚಿ ನೋಡಲೇ ಇಲ್ಲ. ಅವಳು ದಿನವೂ ಮೊದಲನೆಯದನ್ನು ಗೋಡೆಯ ಮೇಲಿಟ್ಟು, ಪರವೂರಿನಿಂದ ಬರುವ ದಾರಿಹೋಕರಿಗೆ ಬಿಡುತ್ತಿದ್ದಳು ಎನ್ನುತ್ತಾರೆ.

ಈಗಲೂ ಕಾಟೇಜಿನಲ್ಲಿ ಇಳಿದವರು ಮೊದಲ ಓಟ್‌ಕೇಕನ್ನು ಗೋಡೆಯ ಚಪ್ಪಟೆ ಕಲ್ಲಿನ ಮೇಲಿಡುತ್ತಾರೆ. ನಾನೂ ಇಟ್ಟೆ. ನಾಯಿ ಕರೆದುಕೊಂಡು ಬಂದ ಊರಿನವರು ಹವೆಯ ವಿಷಯ ಎರಡು ಮಾತಾಡಿ, ಓಟ್‌ಕೇಕ್ ಮುಟ್ಟದೆ ಮುಂದೆ ಹೋದರು. ಅದು ಒರಟುತನವಲ್ಲ, ಕಲ್ಲಿನ ಮೇಲಿಟ್ಟದ್ದು ಹೊರಗಿನವರ ಪಾಲು ಎಂದು ಅವರ ಭಾವನೆ ಎಂದು ಮೊರೀನ್ ಮೊದಲೇ ಹೇಳಿದ್ದರು. ಹೊರಡುವ ದಿನ ಬೀಗದಕೈಗೆ ಬಂದ ಮೊರೀನ್ ಕಲ್ಲಿನ ಮೇಲಿದ್ದುದನ್ನು ಎತ್ತಿಕೊಂಡರು. ಅವರ ಮೊಮ್ಮಕ್ಕಳು ಅದೇ ಊರಿನ ಶಾಲೆಗೆ ಹೋಗುತ್ತಾರೆ. "ಊರಿನವರು ತಿನ್ನೋದಿಲ್ಲ ಅಂದಿದ್ರಲ್ಲ?" ಎಂದು ಕೇಳಿದೆ.

"ನಾನು ದೂರದ ಕೆಂಟ್ ಸೀಮೆಯವಳಮ್ಮ, ಮದುವೆಯಾಗಿ ಇಲ್ಲಿಗೆ ಬಂದೆ" ಎಂದು ಹೇಳಿ, ಕೆಳಗಿನ ಹಳ್ಳಿಯನ್ನು ನೋಡುತ್ತ ನಿಂತೇ ತಿಂದರು.