ಮದ್ದಿನ ಕೈ

“ಗುರುಗಳೇ, ಜನರ ನಡುವೆ ಓಡಾಡಿದರೆ ಏನಾದರೊಂದು ಅಂಟಿಕೊಳ್ಳುತ್ತದೆ. ಏನೂ ಅಂಟದ ಹಾಗೆ ಬದುಕುವುದು ಹೇಗೆ?” ಎಂದು ಶಿಷ್ಯ ಕೇಳಿದ. ಗುರುಗಳು ನಕ್ಕು ಒಂದು ಕತೆ ಹೇಳಿದರು.

ಬೆಟ್ಟದ ಮೇಲೊಂದು ಊರು. ಅಲ್ಲಿ ಮಗು ಹುಟ್ಟಿದರೆ ಗಂಡಸರೆಲ್ಲ ಆ ಮನೆಯ ಅಂಗಳದಲ್ಲಿ ಸೇರಿ ಆಕಾಶಕ್ಕೆ ಒಂದೊಂದು ಗುಂಡು ಹಾರಿಸುತ್ತಿದ್ದರು. ಮದ್ದು ಮೆತ್ತಿದ ಆ ಕೈಯಿಂದಲೇ ಮಗುವಿನ ಕೆನ್ನೆ ಸವರಬೇಕು, ದೀಪ ಹಚ್ಚುವವರೆಗೆ ಕೈ ತೊಳೆಯಬಾರದು. ಕೆನ್ನೆ ಸವರಲು ಅಜ್ಜನ ಸರದಿ ಕೊನೆಗೆ.

ಒಬ್ಬ ರೈತನಿಗೆ ಮೊಮ್ಮಗಳು ಹುಟ್ಟಿದಳು. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಂಗಳದಲ್ಲಿ ಗುಂಡು ಹಾರುತ್ತಿದ್ದ ಗದ್ದಲದಲ್ಲೇ ಪಕ್ಕದ ಓಣಿಯಲ್ಲಿ ಯಾರೋ ಒಬ್ಬ ವ್ಯಾಪಾರಿಯ ಕಾಲಿಗೆ ಗುಂಡು ಹೊಡೆದರು. ಬೇಲಿಯ ವಿಚಾರಕ್ಕೆ ರೈತನಿಗೂ ಆ ವ್ಯಾಪಾರಿಗೂ ಆಗಷ್ಟೇ ಜಗಳವಾಗಿತ್ತು. ಪೊಲೀಸ್ ಅಧಿಕಾರಿ ಬಂದವನೇ ರೈತನ ಕೈ ಮೂಸಿ ನೋಡಿದ. ಮದ್ದಿನ ವಾಸನೆ ಹೊಡೆಯಿತು.

“ಸ್ವಾಮಿ, ಮಗೂನ ಒಂದ್ಸಲ ಮುಟ್ಟಿ ಬರ್ತೀನಿ,” ಎಂದು ರೈತ ಬೇಡಿಕೊಂಡ.

“ಮೊದಲು ಠಾಣೆಗೆ ನಡಿ,” ಎಂದ ಅಧಿಕಾರಿ. ರೈತನಿಗೆ ಅಳುವೇ ಬಂತು. ಜೈಲಿನ ಭಯಕ್ಕಿಂತ, ಮೊಮ್ಮಗಳನ್ನು ಎತ್ತಿಕೊಳ್ಳದೆ ಹೋಗುತ್ತಿದ್ದೇನಲ್ಲ ಎಂಬ ಸಂಕಟ ದೊಡ್ಡದಾಗಿತ್ತು.

ಜೊತೆಗೆ ಬಂದಿದ್ದ ಪ್ರಯೋಗಾಲಯದ ತಜ್ಞೆಗೆ ಆತುರವಿರಲಿಲ್ಲ. ಅವಳು ಊರಿನ ಗಂಡಸರೆಲ್ಲರ ಕೈಗೂ ಅಂಟುಪಟ್ಟಿ ಒತ್ತಿ ತೆಗೆದಳು. ಮಗುವಿನ ಕೆನ್ನೆಗೂ ಮೆಲ್ಲಗೆ ಒತ್ತಿದಳು. ಅಂಟಿದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಧಿಕಾರಿಯ ಬಳಿಗೆ ಬಂದಳು.

“ಸರ್, ಎಲ್ಲರ ಕೈಯಲ್ಲೂ ಮದ್ದಿದೆ. ಮಗುವಿನ ಕೆನ್ನೆಯಲ್ಲೂ ಇದೆ, ಅವಳನ್ನೂ ಒಳಗೆ ಹಾಕೋಣವೇ? ವ್ಯಾಪಾರಿಯ ಪಾಲುದಾರನ ಕೈಯಲ್ಲಿ ಮಾತ್ರ ಒಂದು ಕಣವೂ ಇಲ್ಲ.”

ಪಾಲುದಾರ ಅಂಗಳದಲ್ಲಿ ಗುಂಡು ಹಾರಿಸಿದ್ದನ್ನು ಊರೇ ನೋಡಿತ್ತು. ಮಗುವನ್ನು ಮುಟ್ಟದೆ ಅವನು ಜಾರಿಕೊಂಡದ್ದು ಜನರಿಗೆ ಈಗ ನೆನಪಾಯಿತು. ದೀಪ ಹಚ್ಚುವ ಮೊದಲೇ ಕೈ ತೊಳೆದದ್ದೇಕೆಂದು ಅಧಿಕಾರಿ ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪಾಲುದಾರ ತೊದಲಿದ, ಬೆವರಿದ, ಇಡೀ ಅಂಗಡಿ ತನ್ನದಾಗಲೆಂಬ ಆಸೆಗೆ ತಾನೇ ಹೊಡೆದೆನೆಂದು ಒಪ್ಪಿಕೊಂಡ.

ರೈತ ಠಾಣೆಯಿಂದ ಓಡುತ್ತಲೇ ಮನೆಗೆ ಬಂದ. ಮೊಮ್ಮಗಳನ್ನು ಎತ್ತಿಕೊಂಡು ಕೆನ್ನೆ ಸವರಿದ. ಅವಳು ಸೀನಿದಳು. ಅಂಗಳವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ನಾಮಕರಣದ ದಿನ ವ್ಯಾಪಾರಿಯೂ ಕುಂಟುತ್ತಲೇ ಬಂದು ರೈತನ ಪಕ್ಕದಲ್ಲಿ ಊಟಕ್ಕೆ ಕುಳಿತ.

ಶಿಷ್ಯನೂ ನಕ್ಕ. “ಕತೆ ಚೆನ್ನಾಗಿದೆ. ಆದರೆ ನನ್ನ ಪ್ರಶ್ನೆಗೆ ಉತ್ತರ?” ಎಂದ.

“ಏನೂ ಅಂಟದವನು ಆ ಊರಿನಲ್ಲಿ ಒಬ್ಬನೇ ಇದ್ದ, ಅವನನ್ನು ಪೊಲೀಸರು ಕರೆದುಕೊಂಡು ಹೋದರು.”