ಎರಡು ಇಂಚಿನ ತೊಡಕು

ಧಾರವಾಡದ ಒಂದು ವಿಜ್ಞಾನ ಕಾಲೇಜಿಗೆ ಹೊರದೇಶದಿಂದ ದೊಡ್ಡ ಯಂತ್ರವೊಂದು ಬಂತು. ಅದನ್ನು ತುಂಬಿದ್ದ ಹಲಗೆಯ ಪೆಟ್ಟಿಗೆ ಪ್ರಯೋಗಾಲಯದ ಬಾಗಿಲಿಗಿಂತ ಎರಡು ಇಂಚು ಎತ್ತರ. ಓರೆ ಮಾಡಿದರೆ ಒಳಗಿನ ಗಾಜು ಒಡೆಯುತ್ತದೆ.

ಬಂಗಾರದ ಪದಕ ಪಡೆದ ಐದು ಮಂದಿ ವಿದ್ಯಾರ್ಥಿಗಳು ವರಾಂಡದ ನೆಲದ ತುಂಬ ಸೀಮೆಸುಣ್ಣದಿಂದ ಲೆಕ್ಕ ಬರೆದರು. ಮಧ್ಯಾಹ್ನದ ಊಟವನ್ನೂ ಬಿಟ್ಟರು. ಎಷ್ಟು ಬರೆದರೂ ಆ ಎರಡು ಇಂಚು ಕಡಿಮೆಯಾಗಲಿಲ್ಲ. ಕೊನೆಗೆ ವಿಭಾಗದ ಮುಖ್ಯಸ್ಥರಾದ ಇನಾಮದಾರ ಸಾಹೇಬರು ಗುಡುಗಿದರು:

"ಫಕೀರಪ್ಪ, ಗೌಂಡಿನ್ನ ಕರಕೊಂಡು ಬಾ. ಬಾಗಿಲದ ಚೌಕಟ್ಟು ಒಡಸಬೇಕು!"

ಜವಾನ ಫಕೀರಪ್ಪ ಬಾಗಿಲಿನ ಕಡೆ ನೋಡಿದ. ಸಾಗವಾನಿಯ ಆ ಚೌಕಟ್ಟಿಗೆ ಅವನು ಇಪ್ಪತ್ತೆರಡು ವರ್ಷ ಎಣ್ಣೆ ಒರೆಸಿದ್ದ. ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ ಬಂದು ಕೈಮುಗಿದ.

"ಸರ್, ನಾ ಓದಿದಾಂವ ಅಲ್ಲ, ತಪ್ಪು ತಿಳೀಬ್ಯಾಡ್ರಿ. ಪ್ರಯೋಗ ಮಾಡೂದು ಯಂತ್ರದ ಮ್ಯಾಲೋ, ಪೆಟ್ಟಿಗಿ ಮ್ಯಾಲೋ?"

"ಯಂತ್ರದ ಮ್ಯಾಲೆ! ಪೆಟ್ಟಿಗಿ ಮ್ಯಾಲೆ ಯಾರರ ಪ್ರಯೋಗ ಮಾಡ್ತಾರೇನು?"

"ಹಂಗಾದ್ರ ಪೆಟ್ಟಿಗಿ ಹೊರಗ ಇರಲಿ ಬಿಡ್ರಿ."

ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು. ಒಬ್ಬಳು ಮೆಲ್ಲಗೆ ಕಾಲಿನಿಂದಲೇ ತನ್ನ ಲೆಕ್ಕ ಅಳಿಸತೊಡಗಿದಳು. ಹಲಗೆ ಬಿಚ್ಚಿದರು. ಯಂತ್ರ ಸಲೀಸಾಗಿ ಒಳಗೆ ಹೋಯಿತು, ಮೇಲೆ ಒಂದು ಗೇಣು ಜಾಗವೂ ಉಳಿಯಿತು.

ಸಾಹೇಬರು ಕನ್ನಡಕ ಒರೆಸಿಕೊಂಡರು. "ಇದನ್ನ ಮುಂಜಾನೇನ ಯಾಕ ಹೇಳಲಿಲ್ಲೋ?"

"ಇಷ್ಟು ಮಂದಿ ಶಾಣ್ಯಾರು ಕೂತು ಲೆಕ್ಕ ಹಾಕ್ಲಿಕ್ಕತ್ತಾರಂದ್ರ, ಪೆಟ್ಟಿಗಿ ಬಿಚ್ಚಬಾರದು ಅನ್ನೂದಕ್ಕ ಏನೋ ದೊಡ್ಡ ಕಾರಣ ಇರಬೇಕು ಅಂದ್ಕೊಂಡೆ ಸರ್."

ಸಾಹೇಬರೇ ಮೊದಲು ನಕ್ಕರು.