ಹಳೆಯ ಮರಳಿನ ನಿಯಮ

ನಗರದ ಹಳೆಯ ನೀರು ಶುದ್ಧೀಕರಣ ಘಟಕವನ್ನು ಸುಧಾರಿಸಲು ಹೊಸ ಮರಳು ಬಂದಿತು. ಅದನ್ನು ನೀರು ಶೋಧಿಸುವ ತೊಟ್ಟಿಗೆ ತುಂಬಬೇಕಾದರೆ, ಅಲ್ಲಿದ್ದ ಹಳೆಯ ಮರಳನ್ನು ಅಗೆದು ಎಸೆಯಬೇಕಾಗಿತ್ತು. ಹಳೆಯ ಮರಳಿಗೆ ಇದು ಚೆನ್ನಾಗಿ ಗೊತ್ತಿತ್ತು.

"ಬಾ ತಮ್ಮಾ," ಎಂದಿತು ಅದು. "ಹೊರಗಿನಿಂದ ಬಂದವರು ಯಾರೇ ಆಗಲಿ, ಮೊದಲು ನನ್ನ ಮೂಲಕ ಹಾದು ಶುದ್ಧರಾಗಬೇಕು. ಇಲ್ಲಿಯ ನಿಯಮ ಅದು."

ನಿಯಮವೆಂದರೆ ನಿಯಮ ಎಂದುಕೊಂಡ ಹೊಸ ಮರಳು, ಹಳೆಯದರ ಮೇಲೆ ಹರಡಿಕೊಂಡು ಕೆಳಗಿಳಿಯಲು ನೋಡಿತು. ಒಂದು ಕಣವೂ ಇಳಿಯಲಿಲ್ಲ.

"ನೋಡಿದಿರಾ ವಾಲ್ವಣ್ಣ?" ಹಳೆಯ ಮರಳು ತೊಟ್ಟಿಯ ವಾಲ್ವನ್ನು ಕೂಗಿತು. "ನಾನು ತಡೆದದ್ದೆಲ್ಲ ಕೊಳೆ. ಇದನ್ನು ತೊಳೆದು ಚರಂಡಿಗೆ ಬಿಡಿ."

"ನಾನೂ ಮರಳೇ ಅಲ್ಲವೇ ಅಣ್ಣಾ!" ಎಂದು ಹೊಸ ಮರಳು ಅಂಗಲಾಚಿತು.

"ಸಿಕ್ಕಿಬಿದ್ದ ಮೇಲೆ ಎಲ್ಲರೂ ಹೀಗೇ ಹೇಳುತ್ತಾರೆ."

ಅಷ್ಟರಲ್ಲಿ ನದಿಯ ಕೆಸರು ಬಂದು, ಹಳೆಯ ಮರಳಿನ ಬಿರುಕುಗಳಲ್ಲಿ ಸಲೀಸಾಗಿ ಇಳಿದುಹೋಯಿತು.

"ಮತ್ತೆ ಅದು?" ಎಂದಿತು ವಾಲ್ವು.

"ಅದು ನನ್ನ ಮೂಲಕ ಹಾದುಹೋಯಿತಲ್ಲ! ಶುದ್ಧವಾಯಿತು."

ವಾಲ್ವಿಗೆ ಈ ತರ್ಕದಲ್ಲಿ ತಪ್ಪೇನೂ ಕಾಣಲಿಲ್ಲ. ಅದು ಕೆಳಗಿನಿಂದ ನೀರು ನುಗ್ಗಿಸಿ, ಮೇಲಿದ್ದ ಹೊಸ ಮರಳನ್ನು ಚರಂಡಿಗೆ ಕೊಚ್ಚಿಹಾಕಿತು.

ಮರುದಿನ ಬೆಳಿಗ್ಗೆ, ಬೀದಿಯ ನಲ್ಲಿಯ ಕೆಳಗೆ ಕೂತಿದ್ದ ಕೊಡ ಮುಖ ಸಿಂಡರಿಸಿತು. "ಥೂ, ಕೆಸರು! ಇದನ್ನು ಮಕ್ಕಳಿಗೆ ಹೇಗೆ ಕುಡಿಸುವುದು?"

"ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ," ಎಂದಿತು ಕೆಸರು, ಕೊಡದ ತಳದಲ್ಲಿ ಆರಾಮಾಗಿ ಕೂರುತ್ತಾ. "ನಾನು ಶೋಧನೆಯಾಗಿ ಬಂದ ಕೆಸರು."